ಮೂರು ಬೆರಳಿನ ಬಾಯಿ, ನಾಲ್ಕು ಬೆರಳಿನ ಬರ್ಗರ್

ನಮ್ಮ ಮಂಡ್ಯ ಸೀಮೆಯಲ್ಲಿ ಹಲ್ಲಿಗೆ ಮೊದಲಿನಿಂದಲೂ ಕೆಲಸ ಕಮ್ಮಿ. ಕಬ್ಬು ಸಿಗಿಯುವುದು, ಮೂಳೆ ಕಡಿಯುವುದು, ದಾಯಾದಿಗಳನ್ನು ಕಂಡಾಗ ಮಸೆಯುವುದು, ಇಷ್ಟೇ. ದಿನದ ಊಟಕ್ಕೆ ಹಲ್ಲು ಬೇಕಿಲ್ಲ. ಮುದ್ದೆ ಮುರಿ, ಸಾರಿನಲ್ಲಿ ಹೊರಳಿಸು, ನುಂಗು. ಪಂಕ್ತಿಯಲ್ಲಿ ಯಾರಾದರೂ ಮುದ್ದೆ ಅಗಿಯುತ್ತಿದ್ದರೆ ಬಡಿಸುವವನೇ ಸೌಟು ನಿಲ್ಲಿಸಿ “ಯಾವೂರಾಯ್ತಪ್ಪ?” ಎಂದು ವಿಚಾರಿಸುತ್ತಾನೆ. ಸಾಹಿತ್ಯದ ಮನೆಗೂ ನಾವು ಅಡುಗೆಮನೆ ಬಾಗಿಲಿನಿಂದಲೇ ಹೋಗುವವರು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ, ನನ್ನ ಕಿವಿಗೆ ಗೋಷ್ಠಿಗಳಿಗಿಂತ ಜೋರಾಗಿ ಕೇಳಿಸಿದ್ದು ಬಾಡೂಟ ಬೇಕೆನ್ನುವ ಕೂಗು. ಇಂಥ ಜನಕ್ಕೆ ಬರ್ಗರ್ ತಿನ್ನಿಸುವುದು ಸುಲಭದ ಮಾತಲ್ಲ.

ತಿನ್ನಿಸಿದವಳು ನನ್ನ ಷಡ್ಡಕನ ಮಗಳು. ಬಿ.ಜಿ. ನಗರದ ಮೆಡಿಕಲ್ ಕಾಲೇಜಿನಲ್ಲಿ ಓದಿ ಈಗ ಅಲ್ಲೇ ಹೌಸ್ ಸರ್ಜನ್. ನಾನೂ ಷಡ್ಡಕನೂ ಅಮಾವಾಸ್ಯೆಗೆಂದು ಆದಿಚುಂಚನಗಿರಿಗೆ ಹೋಗಿ, ಕಾಲಭೈರವನಿಗೆ ಕೈಮುಗಿದು, ದಾಸೋಹದ ಕಡೆ ಹೆಜ್ಜೆ ಹಾಕಿದ್ದೆವು. ಫೋನು ಬಂತು. “ದೊಡ್ಡಪ್ಪ, ಉಣ್ಬ್ಯಾಡಿ. ಬೆಳ್ಳೂರು ಕ್ರಾಸ್‌ಗೆ ಬನ್ನಿ. ನನ್ ಸ್ಟೈಪೆಂಡ್ ಬಂದದೆ.” ಪುಕ್ಕಟೆ ಪ್ರಸಾದ ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಆದರೆ ಮಗಳ ಸಂಪಾದನೆಯ ಊಟ ಎಂದಮೇಲೆ ಷಡ್ಡಕ ಆಗಲೇ ಚಪ್ಪಲಿ ಹುಡುಕುತ್ತಿದ್ದ.

ಮಠದವರು 1986ರಲ್ಲಿ ಮೆಡಿಕಲ್ ಕಾಲೇಜು ತೆರೆಯುವ ಮುಂಚೆ ಆ ಕಡೆ ರಾಗಿ ಹೊಲ ಮತ್ತು ತೆಂಗು ಬಿಟ್ಟರೆ ಹೆಚ್ಚೇನು ಕಂಡ ನೆನಪು ನನಗಿಲ್ಲ. ಈಗ ಎಲ್ಲೆಲ್ಲಿಂದಲೋ ಮಕ್ಕಳು ಬಂದು ಓದುತ್ತಾರೆ, ಅವರ ಹಿಂದೆ ಮೊಮೊ ಬಂತು, ಶವರ್ಮಾ ಬಂತು, ಬರ್ಗರೂ ಬಂತು. ಅಂಗಡಿಯ ಹೆಸರು ಹೇಳುವುದಿಲ್ಲ. ಅಂದು ನಾವು ಅಲ್ಲಿ ನಡೆದುಕೊಂಡ ರೀತಿಗೆ ಅವರೂ ನಮ್ಮ ಹೆಸರು ಕೇಳಲಿಲ್ಲ.

ಷಡ್ಡಕನ ಹಿನ್ನೆಲೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಹೆಗಲ ಮೇಲೆ ಹಸಿರು ಟವಲ್ ಇಲ್ಲದೆ ಅವನು ಬಚ್ಚಲಿಗೂ ಹೋದವನಲ್ಲ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1995ರಲ್ಲಿ ಕೆಂಟಕಿ ಚಿಕನ್ ಅಂಗಡಿ ತೆರೆಯಿತಲ್ಲ, ಮರುವರ್ಷ ಜನವರಿ 30ರಂದು ಪ್ರೊ. ನಂಜುಂಡಸ್ವಾಮಿಯವರ ರೈತಸಂಘದವರು ಅದರೊಳಗೆ ನುಗ್ಗಿ ಗಾಜು ಒಡೆದರಲ್ಲ, ಆ ಗುಂಪಿನಲ್ಲಿ ತಾನೂ ಇದ್ದೆ ಅನ್ನುತ್ತಾನೆ. ಪ್ರತಿ ಯುಗಾದಿಗೂ ಅವನು ಒಡೆದ ಗಾಜು ಒಂದೊಂದು ಹೆಚ್ಚಾಗುತ್ತದೆ. ಅಂಥವನು ಈಗ ಬರ್ಗರ್ ಅಂಗಡಿಯ ಮೆಟ್ಟಿಲು ಹತ್ತುತ್ತಿರುವುದನ್ನು ಕಂಡು ನಾನು ಸುಮ್ಮನಿರುವುದುಂಟೆ?

“ವಿದೇಶಿ ತಿಂಡಿ ಕಣಪ್ಪ, ಆಗ್ತದಾ?” ಅಂದೆ.

“ತಯಾರ್ ಮಾಡೋನು ಕೆ.ಆರ್. ಪೇಟೆ ಹುಡ್ಗ ಕಣಣ್ಣ.”

ನಾನು ಬಿಡಲಿಲ್ಲ. ನೀನು ನಮ್ಮದು ನಮ್ಮದು ಎಂದು ನುಂಗುವ ಮುದ್ದೆಯೂ ಪೂರಾ ನಮ್ಮದಲ್ಲ, ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟಮೇಲೇ ನಮ್ಮಪ್ಪಂದಿರ ಕಣಜ ತುಂಬಿದ್ದು ಎಂದು ಪಾಠ ಹೇಳಿದೆ. ಅವನು ಟವಲ್ ಕೊಡವಿ, “ಆಫ್ರಿಕಾದೋರು ನೆಂಟ್ರು ಕಣಣ್ಣ. ಅಮೆರಿಕಾದೋರು ಯಾಪಾರಸ್ತರು” ಅಂದ. ಬಸ್ಸಾರಿನ ಮೆಣಸಿನಕಾಯಿ, ಟೊಮೆಟೊ ಎರಡೂ ಹುಟ್ಟಿದ್ದು ಅಮೆರಿಕಾ ಖಂಡದಲ್ಲೇ ಎಂದು ಬಾಯಿಗೆ ಬಂದಿತ್ತು, ತಡೆದುಕೊಂಡೆ. ಹಸಿದವನ ಹತ್ತಿರ ಇತಿಹಾಸ ಮಾತಾಡಬಾರದು.

ಅಮಾವಾಸ್ಯೆಯಾದ್ದರಿಂದ ಕೋಳಿ ಮುಟ್ಟುವಂತಿಲ್ಲ. ಮೂವರಿಗೂ ಆಲೂ ಟಿಕ್ಕಿಯದೇ ಆಯಿತು. 1996ರಲ್ಲಿ ದೆಹಲಿಗೆ ಕಾಲಿಟ್ಟ ಮೆಕ್‌ಡೊನಾಲ್ಡ್ಸ್‌ನವರೇ ದನದ ಮಾಂಸ ಬಿಟ್ಟು, ಮುಂದೆ ಆಲೂಗೆಡ್ಡೆಗೆ ಶರಣಾದವರು, ನಮ್ಮದೇನು. “ಸಾರು ಕಡೀಕ್ ತತ್ತಾರಾ?” ಎಂದು ಷಡ್ಡಕ ಮಗಳನ್ನು ಕೇಳಿದ. ಅವಳು ಕೆಚಪ್ಪಿನ ಪುಟಾಣಿ ಪೊಟ್ಟಣಗಳನ್ನು ಮುಂದೆ ತಳ್ಳಿದಳು. ನಾನು ಉಗುರಿನಲ್ಲಿ ಹೆಣಗಿದೆ, ಬೈಕಿನ ಕೀಲಿಕೈಯಲ್ಲಿ ಹೆಣಗಿದೆ. ಷಡ್ಡಕ ಅದನ್ನು ಕಿತ್ತುಕೊಂಡು ಮೂಲೆಯನ್ನು ಬಲಗಡೆಯ ಕೋರೆಹಲ್ಲಿಗೆ ಸಿಕ್ಕಿಸಿ, ತಲೆ ಸ್ವಲ್ಪ ಓರೆ ಮಾಡಿ ಚರ್ರನೆ ಹರಿದು, ಹರಿದ ಚೂರನ್ನು ತುದಿನಾಲಗೆಯಿಂದ ಥುಪ್ ಎಂದು ಉಗಿದ. ಎಲ್ಲಾ ಒಂದೇ ಗಳಿಗೆಯಲ್ಲಿ. ಮಗಳು ನೋಡಿದಳು, ಏನೂ ಅನ್ನಲಿಲ್ಲ.

ಬರ್ಗರ್ ಬಂತು. ಕೆಳಗೊಂದು ಬನ್ನು, ಮೇಲೊಂದು ಬನ್ನು, ನಡುವೆ ಎರಡು ಟಿಕ್ಕಿ, ಒಂದು ಬಿಲ್ಲೆ ಟೊಮೆಟೊ, ಈರುಳ್ಳಿ, ಚೀಸು, ಹೆಸರು ಗೊತ್ತಿಲ್ಲದ ಒಂದು ಹಸಿಸೊಪ್ಪು. ನೆತ್ತಿಯಿಂದ ಬುಡದ ತನಕ ಒಂದು ಕಡ್ಡಿ. ಕಡ್ಡಿ ಕಿತ್ತೆ, ಇಡೀ ಕಟ್ಟಡ ನನ್ನ ಕಡೆಗೇ ವಾಲಿತು. ಎರಡು ಕೈಯಲ್ಲಿ ತಡೆದು ಬಾಯಿ ತೆರೆದೆ. ಮೇಲಿನ ಹಲ್ಲು ಬನ್ನಿನ ನೆತ್ತಿಗೆ ಹತ್ತಿತು. ಕೆಳಗಿನ ಹಲ್ಲು ಬುಡವನ್ನು ಹುಡುಕಿಕೊಂಡು ಹೊರಟದ್ದು ಟೊಮೆಟೊದ ಹತ್ತಿರವೇ ನಿಂತುಬಿಟ್ಟಿತು. ಮೂಗಿನ ತುದಿಗೆ ಮೇಯನೇಸ್ ಹತ್ತಿತು. ಅಂಗೈಯಲ್ಲಿ ಅಮುಕಿ ಗಿಡ್ಡ ಮಾಡೋಣವೆಂದರೆ ಟೊಮೆಟೊ ಹಿಂಬಾಗಿಲಿನಿಂದ ಹೊರಟಿತು. ಅದನ್ನು ಒಳಗೆ ತಳ್ಳಿದರೆ ಈರುಳ್ಳಿ ಎಡಕ್ಕೆ ಬಂತು. ಈರುಳ್ಳಿಯನ್ನು ಸೇರಿಸುವಷ್ಟರಲ್ಲಿ ಟಿಕ್ಕಿಯೊಂದು ಜಾರಿ ತೊಡೆಯ ಮೇಲೆ ಕೂತಿತು. ಬರ್ಗರನ್ನು ತಿರುಗಿಸಿದೆ, ಅದು ಎಲ್ಲ ದಿಕ್ಕಿನಿಂದಲೂ ಅಷ್ಟೇ ಎತ್ತರ. ಬರ್ಗರನ್ನು ಬಿಟ್ಟು ನನ್ನ ತಲೆಯನ್ನೇ ಅಡ್ಡ ಹಾಕಿದೆ. ಆ ಭಂಗಿಯಲ್ಲಿ ಪಕ್ಕದ ಮೇಜು ಕಾಣಿಸಿತು: ಇಬ್ಬರು ಹುಡುಗರು ಊಟ ನಿಲ್ಲಿಸಿ ಫೋನು ನನ್ನ ಕಡೆ ಹಿಡಿದಿದ್ದರು. ಮುದುಕರು ಬಾಯಿ ತೆರೆಯುವುದನ್ನು ಚಿತ್ರ ತೆಗೆಯುವ ಈ ಪೀಳಿಗೆಯ ಕೈಗೇ ನಾಳೆ ನಮ್ಮ ನಾಡಿ ಕೊಡಬೇಕಲ್ಲ ಎಂದು ಮೈ ಉರಿಯಿತು. ಬೈಯಬೇಕೆಂದರೆ ಬಾಯಿ ತುಂಬ ಬನ್ನು.

ಅತ್ತ ಷಡ್ಡಕ ಕಟ್ಟಡವನ್ನು ಪದರಪದರವಾಗಿ ಬಿಚ್ಚಿಟ್ಟು, ಚಿಟಿಕೆ ಗಾತ್ರದ ಚೂರುಗಳನ್ನು ಮುರಿದು, ಕೆಚಪ್ಪಿನಲ್ಲಿ ಹೊರಳಿಸಿ ನುಂಗಿ ಕೈ ಒರೆಸಿಕೊಂಡಿದ್ದ. ಪಕ್ಕಾ ಮಂಡ್ಯದವನು ಎಂದು ನನಗೆ ಹೆಮ್ಮೆಯಾಯಿತು.

“ದೊಡ್ಡಪ್ಪ, ನಿಮ್ಮದೇನೂ ತಪ್ಪಿಲ್ಲ” ಎಂದು ಡಾಕ್ಟರಮ್ಮ ಪಂಚಾಯ್ತಿಗೆ ಬಂದಳು. ಬಾಯಿ ಸರಿಯಾಗಿ ತೆರೆದರೆ ಸುಮಾರು ನಾಲ್ಕು ಸೆಂಟಿಮೀಟರ್ ಜಾಗವಂತೆ. ಅಳತೆಪಟ್ಟಿ ಬೇಡ, ಅವರವರ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ತೂರಿಸಿದರೆ ಗೊತ್ತಾಗುತ್ತದೆ. ಮೂರು ಹೋದರೆ ಬಾಯಿ ನೆಟ್ಟಗಿದೆ ಎಂದರ್ಥ. ನಾನು ಬರ್ಗರಿನ ಪಕ್ಕ ಬೆರಳು ಇಟ್ಟು ನೋಡಿದೆ, ನಾಲ್ಕು ದಾಟಿತ್ತು! ನನ್ನ ಮಾನ ಉಳಿಯಿತು. ಸಂತೋಷಕ್ಕೆ ಅಲ್ಲೇ ಮೂರು ಬೆರಳು ಬಾಯಿಗೆ ತೂರಿಸಿಕೊಂಡೆ, ಸಲೀಸಾಗಿ ಹೋದವು. ಫೋನು ಹಿಡಿದಿದ್ದ ಹುಡುಗರೂ ತೂರಿಸಿಕೊಂಡರು. ಗಲ್ಲಾದಲ್ಲಿ ಕೂತಿದ್ದ ಮಾಲೀಕ ತೂರಿಸಿಕೊಂಡ. ನೀರು ತಂದ ಹುಡುಗ, ತನ್ನ ಅಂಗಡಿಯ ತಿಂಡಿ ತಿಂದು ಎಲ್ಲರೂ ವಾಂತಿ ಮಾಡಿಕೊಳ್ಳಲು ಹೊರಟಿದ್ದಾರೆ ಎಂದು ಬಕೆಟ್ಟಿಗೆ ಓಡಿದ.

“ನೀನೂ ಇಡಪ್ಪ” ಅಂದಳು ಮಗಳು.

ಷಡ್ಡಕ ನಗುತ್ತಲೇ ಇಟ್ಟ. ಎರಡು ಹೋದವು. ಮೂರನೆಯದು ಹಲ್ಲಿಗೆ ತಗುಲಿ ನಿಂತಿತು. ಇನ್ನೊಮ್ಮೆ ಇಟ್ಟ. ಎರಡೇ.

“ಅದಕ್ಕೇ ಮುರ್ಕೊಂಡು ತಿಂದೆ. ಮುದ್ದೆ ತುತ್ತು ಸಣ್ಣಗಾಗ್ಯದೆ, ಸಾರೆಲ್ಲ ಖಾರ ಅಂತದೆ ಅಂತ ಅವ್ವ ಆಗ್ಲೇ ಹೇಳಿತ್ತು” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇ.ಎನ್.ಟಿ. ವಿಭಾಗದಲ್ಲಿ ನಮ್ಮ ಹಳ್ಳಿಗಳ ಹುಡುಗರನ್ನು ನೋಡಿದವಳು ಅವಳು. ಅಡಿಕೆಪುಡಿಯ ಪೊಟ್ಟಣ ತಿಂದೂ ತಿಂದೂ ಕೆನ್ನೆಯ ಒಳಚರ್ಮ ನಾರುಗಟ್ಟಿ ಬಿಗಿಯುತ್ತದೆ, ಬಾಯಿ ದಿನದಿನಕ್ಕೆ ಕಿರಿದಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಕೆಲವರಿಗೆ ಅದೇ ಕ್ಯಾನ್ಸರಿಗೆ ತಿರುಗುತ್ತದೆ. ಪೊಟ್ಟಣ ಬಿಟ್ಟರೆ ಅಲ್ಲಿಗೇ ನಿಲ್ಲಬಹುದು, ಮೊದಲಿನಂತಾಗುವುದು ಕಷ್ಟ. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿತು. ಅಂದಿನಿಂದ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಬೆರೆಸುವ ಕೂಲಿ ಗಿರಾಕಿಯದೇ. ವಿದೇಶಿ ಕಂಪನಿಯ ಗಾಜು ಒಡೆದ ನನ್ನ ಷಡ್ಡಕ ಈ ಸ್ವದೇಶಿ ಪೊಟ್ಟಣಗಳನ್ನು ಇಷ್ಟು ವರ್ಷ ಕೋರೆಹಲ್ಲಿನಲ್ಲಿ ಹರಿಯುತ್ತಾ ಬಂದಿದ್ದ. ನಾನೂ ಎಷ್ಟೋ ಸಲ ಅಂಗಡಿಯಿಂದ ತಂದುಕೊಟ್ಟಿದ್ದೇನೆ.

ಬಿಲ್ಲು ಮಗಳೇ ಕೊಟ್ಟಳು. ಸೋಮವಾರ ಓಪಿಡಿಗೆ ಅಪ್ಪನನ್ನು ಕರೆತರುವ ಜವಾಬ್ದಾರಿ ನನ್ನ ತಲೆಗೆ ಬಂತು. ಕರೆದುಕೊಂಡು ಹೋದೆ, ಚಿಕಿತ್ಸೆ ನಡೆಯುತ್ತಿದೆ.

ಓದುಗರೇ, ಕೈ ತೊಳೆದುಕೊಂಡು ನೀವೂ ಒಮ್ಮೆ ಮೂರು ಬೆರಳು ಇಟ್ಟು ನೋಡಿ. ಮನೆಯಲ್ಲಿ ಜೇಬಿನಲ್ಲಿ ಪೊಟ್ಟಣ ಇಟ್ಟುಕೊಳ್ಳುವವರಿದ್ದರೆ ಅವರಿಗೂ ಇಡಿಸಿ. ಹೋಗದಿದ್ದರೆ ಹಲ್ಲಿನ ಡಾಕ್ಟರಿಗೋ ಗಂಟಲಿನ ಡಾಕ್ಟರಿಗೋ ಬೇಗ ತೋರಿಸಿ.