ಗಂಟಿನೊಂದಿಗೆ ಒಂದು ಗಂಟೆ

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರ ತಾರಸಿ. ಲಿಫ್ಟ್ ಮೋಟಾರಿನ ಕೋಣೆಗೆ ಒತ್ತಿಕೊಂಡಂತೆ, ಹಗ್ಗದ ಮೇಲೆ ಇಳಿದು ಗಾಜು ಒರೆಸುವ ಹುಡುಗರ ಸಾಮಾನು ಕೋಣೆಯಿದೆ. ಅಲ್ಲಿ ಒಂದೇ ಮೊಳೆಗೆ ಇಬ್ಬರು ನೇತಾಡುತ್ತಿದ್ದರು. ಇಬ್ಬರೂ ಲ್ಯಾನ್ಯಾರ್ಡ್ ಜಾತಿಯವರೇ. ಸೊಂಟದ ಹಾರ್ನೆಸ್ಸಿಗೂ ಆಸರೆಗೂ ನಡುವೆ ತೋಳುದ್ದದ ನಂಟಾಗಿರುವುದು ಇಬ್ಬರ ಕಸುಬು. ಒಬ್ಬರು ಹಗ್ಗದ ತುದಿಗೆ ಕೈಯಿಂದ ಗಂಟು ಹಾಕಿಸಿಕೊಂಡವರು. ಇನ್ನೊಬ್ಬರು ಕಾರ್ಖಾನೆಯಲ್ಲಿ ಹೊಲಿಸಿಕೊಂಡು, ಹೊಲಿಗೆಯ ಮೇಲೆ ಪ್ಲಾಸ್ಟಿಕ್ ಕವಚ ತೊಟ್ಟು, ಚೀಟಿ ಸಮೇತ ಬಂದವರು. ಸಂದರ್ಶನಕ್ಕೆ ಒಪ್ಪಿದ್ದು ಗಂಟಿನವರು ಮಾತ್ರ. ಹೊಲಿಗೆಯವರು ‘ಕಂಪನಿ ಅನುಮತಿ ಬೇಕಾಗುತ್ತೆ ಸರ್’ ಎಂದು ಹಿಂದೆ ಸರಿದರೂ ಕೊನೆಯವರೆಗೆ ಬಾಯಿ ಹಾಕುವುದನ್ನು ಬಿಡಲಿಲ್ಲ.

ನಾನು: ನಮಸ್ಕಾರ. ಯಾಕೆ, ಮುಖ ಗಂಟು ಹಾಕಿಕೊಂಡಿದ್ದೀರಿ?

ಗಂಟು: ಹುಟ್ಟಿದ್ದೇ ಹೀಗೆ ಸ್ವಾಮಿ. ಅದರ ಮೇಲೆ ಬೆಳಗ್ಗೆಯಿಂದ ಬಂದವರೆಲ್ಲ ಒಂದೇ ಪ್ರಶ್ನೆ, ‘ಸರ್ಟಿಫಿಕೇಟ್ ಎಲ್ಲಿ?’ ನನ್ನ ಹಗ್ಗಕ್ಕೆ ಇದೆಯಪ್ಪ. 11 ಮಿ.ಮೀ. ಡೈನಾಮಿಕ್ ಹಗ್ಗ, ಅಂದರೆ ಎಳೆದರೆ ಹಿಗ್ಗೋದು, ಬೆಟ್ಟ ಹತ್ತುವವರದು, ಯುರೋಪಿನ ಇಎನ್ 892 ಮಾನಕ. ಬಾದಾಮಿಯ ಕೆಂಪು ಬಂಡೆ ಹತ್ತುವವರ ಸೊಂಟದಲ್ಲಿ ನನ್ನ ದಾಯಾದಿಗಳಿದ್ದಾರೆ. ಆದರೆ ಗಂಟು ಹಾಕಿದ ಕೈಗೆ ಸರ್ಟಿಫಿಕೇಟ್ ಎಲ್ಲಿಂದ ತರಲಿ?

ಹೊಲಿಗೆ: ನನ್ನದು ಇಎನ್ 354. ಸೀರಿಯಲ್ ನಂಬರ್, ಹುಟ್ಟಿದ ತಿಂಗಳು, ವರ್ಷ ಎಲ್ಲ ಚೀಟಿಯಲ್ಲೇ ಇದೆ. 22 ಕಿಲೋನ್ಯೂಟನ್ ಎಳೆದರೂ ಹರಿಯಬಾರದು ಅಂತ ನಿಯಮ. ಅಂದರೆ ಹತ್ತಿರ ಹತ್ತಿರ 2200 ಕಿಲೋ ಭಾರ ನೇತುಹಾಕಿದ ಹಾಗೆ.

ನಾನು: ನಿಮಗೆ ಜೋತುಬೀಳುವ ಹುಡುಗ 60 ಕಿಲೋ ಇದ್ದಾನು. ಎರಡು ಟನ್ ಯಾಕೆ?

ಹೊಲಿಗೆ: ಜಾಹೀರಾತಿನಲ್ಲಿ ಅದೇ ದೊಡ್ಡದಾಗಿ ಕಾಣೋದು ಸರ್.

ನಾನು: ಗಂಟಿನವರೇ, ಗಂಟು ಹಾಕಿದರೆ ಹಗ್ಗದ ಬಲದಲ್ಲಿ ಕಾಲುಭಾಗ, ಕೆಲವು ಗಂಟುಗಳಲ್ಲಿ ಅದಕ್ಕಿಂತ ಹೆಚ್ಚೇ ಹೋಗುತ್ತದಂತೆ. ನಿಜವೇ?

ಗಂಟು: ನಿಜ, ಮುಚ್ಚಿಡಲ್ಲ. ಹಗ್ಗ ಬಾಗಿದ ಕಡೆ ಹೊರಮಗ್ಗುಲಿನ ನಾರು ಎಳೆತವನ್ನೆಲ್ಲ ತಿನ್ನುತ್ತೆ, ಒಳಮಗ್ಗುಲಿನದು ಸುಮ್ಮನಿರುತ್ತೆ. ಸರ್ಕಾರಿ ಕಚೇರಿಯಲ್ಲಿ ಇಬ್ಬರು ದುಡಿದು ಎಂಟು ಜನ ಕೂತ ಹಾಗೆ. ಹರಿಯೋದು ದುಡಿಯುವವನೇ. ಆದರೆ ನೀವು ಕೇಳಬೇಕಾದ್ದು ಅದಲ್ಲ. ಎಷ್ಟು ಭಾರಕ್ಕೆ ಹರೀತೀಯ ಅಂತ ಎಲ್ಲರೂ ಕೇಳ್ತಾರೆ. ಬಿದ್ದವನಿಗೆ ಎಷ್ಟು ಏಟು ಕೊಡ್ತೀಯ ಅಂತ ಒಬ್ಬರೂ ಕೇಳಲ್ಲ.

ನಾನು: ಸರಿ, ಕೇಳಿದೆ.

ಗಂಟು: ಹುಡುಗ ಆಸರೆಯನ್ನು ಕೆಳಗೆ ಬಿಟ್ಟು, ನನ್ನ ಉದ್ದ ಮುಗಿಯುವಷ್ಟು ಮೇಲೆ ಹತ್ತಿ, ಅಲ್ಲಿಂದ ಬಿದ್ದ ಅಂದುಕೊಳ್ಳಿ. ನಾನು 60 ಸೆಂ.ಮೀ. ಇದ್ದರೆ ಅವನು ಬೀಳೋದು 120. ಫಾಲ್ ಫ್ಯಾಕ್ಟರ್ 2 ಅಂತಾರೆ. ಅಷ್ಟು ಗಿಡ್ಡ ಹಗ್ಗ ಅಷ್ಟು ಬೀಳುವಿಕೆಯನ್ನು ನುಂಗಬೇಕು. ಹಿಗ್ಗದ ಹಗ್ಗವಾದರೆ ತಾನು ಹರಿಯದೆ ಉಳಿದೀತು. ಏಟೆಲ್ಲ ಹುಡುಗನ ಸೊಂಟಕ್ಕೆ. ಏಟು ನುಂಗೋ ಶಾಕ್ ಅಬ್ಸಾರ್ಬರ್ ಮನುಷ್ಯನಿಗೆ ದಾಟಿಸಬಹುದಾದ ಏಟಿಗೆ ಇಎನ್ 355 ಹಾಕಿರುವ ಮಿತಿ 6 ಕಿಲೋನ್ಯೂಟನ್. ಎಲ್ಲಿ 22, ಎಲ್ಲಿ 6! ಒಂದು ಹಗ್ಗದ ಲೆಕ್ಕ, ಇನ್ನೊಂದು ಮನುಷ್ಯನ ಲೆಕ್ಕ.

ನಾನು: ನೀವು ಹಿಗ್ಗುತ್ತೀರಾ?

ಗಂಟು: ಹಗ್ಗವೂ ಹಿಗ್ಗುತ್ತೆ, ಗಂಟೂ ಕೈಜೋಡಿಸುತ್ತೆ. ಕ್ಯಾರಬೈನರ್ ಕೊಂಡಿಯ ಕಡೆ ನನಗೆ ಹಾಕಿರೋದು ಬ್ಯಾರಲ್ ಗಂಟು. ನೋಡಿ, ಹಗ್ಗ ತನ್ನನ್ನೇ ಸುತ್ತಿಕೊಂಡು ಪೀಪಾಯಿಯ ಹಾಗೆ ಕೂತಿದೆ. ಎಳೆತ ಬಿದ್ದಾಗ ಈ ಸುತ್ತುಗಳು ಜಾರುತ್ತ ಬಿಗಿಯುತ್ತವೆ. ಆ ತಿಕ್ಕಾಟದಲ್ಲಿ ಏಟಿನ ಒಂದು ಪಾಲು ಕರಗಿಹೋಗುತ್ತೆ. ಜತೆಗೆ ಕ್ಯಾರಬೈನರನ್ನು ಅಪ್ಪಿ ಹಿಡಿದಿರುವುದರಿಂದ ಅದು ಅಡ್ಡಡ್ಡ ತಿರುಗಲ್ಲ. ಗಂಟು ಅಂದರೆ ದೌರ್ಬಲ್ಯ ಅಂತೀರಲ್ಲ, ಈ ದೌರ್ಬಲ್ಯ ಸ್ವಲ್ಪ ಉಪಕಾರಿಯೇ.

ಹೊಲಿಗೆ: ಕ್ಷಮಿಸಿ, ನಮ್ಮಲ್ಲೂ ಡೈನಾಮಿಕ್ ಹಗ್ಗದವರಿದ್ದಾರೆ.

ಗಂಟು: ನಿಮ್ಮ ಚಿಕ್ಕಪ್ಪನ ಮಗ, ಆ ಡೈನೀಮಾ ಪಟ್ಟಿ?

ಹೊಲಿಗೆ: (ಕವಚ ಸರಿಪಡಿಸಿಕೊಳ್ಳುತ್ತ) ಅವನ ಮಾತು ಬೇಡ. ಬಲಶಾಲಿ, ಆದರೆ ಹಿಗ್ಗೋ ಸ್ವಭಾವ ಅವನದಲ್ಲ. ನುಣುಪು ಮೈ ಬೇರೆ. ಗಂಟು ಹಾಕಿದರೆ ಜಾರುತ್ತಾನೆ, ಅರ್ಧ ಬಲ ಅಲ್ಲೇ ಹೋಗುತ್ತೆ. ಅವನನ್ನು ಹಿಡಿದುಕೊಂಡು ಬೀಳುವ ಕೆಲಸ ಯಾರೂ ಮಾಡಬಾರದು.

ಹೊಲಿಗೆಯವರ ಪರವಾಗಿ ಒಂದು ಮಾತು ಹೇಳಲೇಬೇಕು. ಅವರ ಟಾಕಾಗಳು ಹಗ್ಗದ ಬಣ್ಣಕ್ಕೆ ಎದ್ದು ಕಾಣುವ ಬೇರೆ ಬಣ್ಣದ ದಾರದಲ್ಲಿರುತ್ತವೆ. ಒಂದು ಎಳೆ ಕಿತ್ತರೂ ಕಣ್ಣಿಗೆ ಬೀಳುತ್ತದೆ. ಮೈ ಸಣ್ಣದು, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಸೋಮವಾರ ಹೇಗಿರುತ್ತಾರೋ ಶನಿವಾರವೂ ಹಾಗೇ ಇರುತ್ತಾರೆ. ದಿನಕ್ಕೊಬ್ಬ ಹೊಸಬ ಸೇರುವ, ವಾರಕ್ಕೊಬ್ಬ ಬಿಟ್ಟುಹೋಗುವ ಗುತ್ತಿಗೆ ಕೆಲಸದಲ್ಲಿ ನನ್ನ ಮತ ಹೊಲಿಗೆಗೇ. ಅದನ್ನು ಗಂಟಿನವರ ಮುಂದೆ ಹೇಳುವ ಧೈರ್ಯವಾಗಲಿಲ್ಲ, ಬಳಸಿ ಕೇಳಿದೆ.

ನಾನು: ನಿಮ್ಮನ್ನು ಯಾರು ಬೇಕಾದರೂ ಕಟ್ಟಬಹುದಲ್ಲ? ತಪ್ಪಾಗಿ ಕಟ್ಟಿದರೆ?

ಗಂಟು: ಹಾಗಾದರೆ ನಾನು ಗಂಟಲ್ಲ, ಸಿಕ್ಕು. ಕಟ್ಟಿದ ಮೇಲೆ ತುದಿ 10 ಸೆಂ.ಮೀ.ಯಾದರೂ ಉಳಿಯಬೇಕು. ಬಳಸುವ ಮುಂಚೆ ಮೈಭಾರ ಬಿಟ್ಟು ಬಿಗಿಯಬೇಕು. ಆಮೇಲೆ ಮರೆತುಬಿಡೋದಲ್ಲ. ತಿಂಗಳುಗಟ್ಟಲೆ ಬಿಚ್ಚದೆ ಬಿಟ್ಟರೆ ಒಳಗೆ ಧೂಳು, ಸಿಮೆಂಟ್ ಪುಡಿ ಸೇರಿ ಬ್ರಹ್ಮಗಂಟಾಗ್ತೀನಿ. ಆಗ ಜಾರೋದೂ ಇಲ್ಲ, ಏಟು ನುಂಗೋದೂ ಇಲ್ಲ. ಮುಟ್ಟಿ ನೋಡಿ.

ಮುಟ್ಟಿ ನೋಡಿದೆ. ಗಾಜು ತೊಳೆಯುವ ಸೋಪಿನ ಜಿಡ್ಡು, ಸೀಲೆಂಟಿನ ಕಪ್ಪು, ಉಗುರಿಗೂ ಜಗ್ಗದ ಬಿಗಿ. ಕ್ಯಾರಬೈನರ್ ಉಜ್ಜುವ ಜಾಗದಲ್ಲಿ ಹೊರಹೊದಿಕೆ ನವಿರೆದ್ದಿತ್ತು. ಬಿಳಿ ತಿರುಳು ಇನ್ನೂ ಇಣುಕಿರಲಿಲ್ಲ.

ನಾನು: ಬಿಚ್ಚಿ ಕಟ್ಟಿ ಎಷ್ಟು ಕಾಲವಾಯಿತು?

ಗಂಟು: ಹೋದ ಮೇಸ್ತ್ರಿಗೆ ಗೊತ್ತು. ಅವರು ಇರಾಟಾ ಮೂರನೇ ಹಂತದವರು. ಬ್ರಿಟನ್ನಿನಲ್ಲಿ 1980ರ ದಶಕದ ಕೊನೆಗೆ ಹುಟ್ಟಿದ, ಹಗ್ಗದ ಮೇಲಿನ ಕೆಲಸದವರ ಸಂಘ ಅದು. ಮೂರೇ ಹಂತ, ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಮೊದಲ ಹಂತದವನು ಎರಡನೆಯದಕ್ಕೆ ಏರಬೇಕಾದರೆ ಒಂದು ವರ್ಷ, 1000 ಗಂಟೆ ಹಗ್ಗದ ಮೇಲೆ ದುಡಿದ ಲೆಕ್ಕ ಬರೆದಿಟ್ಟಿರಬೇಕು. ಮೇಸ್ತ್ರಿ ಹೆಚ್ಚಿನ ಸಂಬಳಕ್ಕೆ ಕೊಲ್ಲಿ ದೇಶಕ್ಕೆ ಹೋದರು. ಈಗ ನನ್ನನ್ನು ಸಿಕ್ಕಿಸಿಕೊಳ್ಳೋ ಹುಡುಗ ಹೋದ ತಿಂಗಳು ಪಾನಿಪೂರಿ ಮಾರ್ತಿದ್ದ. ನನ್ನ ಸರ್ಟಿಫಿಕೇಟ್ ಕೇಳಿದವರು ಯಾರೂ ಅವನದನ್ನು ಕೇಳಲಿಲ್ಲ.

ಹೊಲಿಗೆ: ನನ್ನನ್ನು ಬಳಸೋಕೆ ಕಟ್ಟೋದು ಕಲೀಬೇಕಾಗಿಲ್ಲ ಸರ್.

ಗಂಟು: ಎಲ್ಲಿ ಸಿಕ್ಕಿಸಬೇಕು ಅನ್ನೋದನ್ನು ಕಲೀಬೇಕಲ್ಲ! ನಿನ್ನೆ ಅವನು ನಿಮ್ಮನ್ನು ಸಿಕ್ಕಿಸಿದ್ದು ಪೇಂಟ್ ಡಬ್ಬಿಯ ಹಿಡಿಗೆ.

ಹೊಲಿಗೆಯವರು ಉತ್ತರಿಸಲಿಲ್ಲ. ಪ್ಯಾರಪೆಟ್ಟಿನ ಆಚೆ, ಎದುರಿನ ಅಪಾರ್ಟ್‌ಮೆಂಟಿನ ಗೋಡೆಗೆ ಬಣ್ಣ ಬಳಿಯುತ್ತಿದ್ದವರು ಕಾಣುತ್ತಿದ್ದರು. ಒಂದು ಹಗ್ಗ, ಅದರ ತುದಿಗೆ ಅಡ್ಡ ಹಲಗೆ, ಹಲಗೆಯ ಮೇಲೆ ಚಪ್ಪಲಿ ಹಾಕಿದ ಮನುಷ್ಯ. ಇರಾಟಾ ಪದ್ಧತಿಯ ಮೊದಲ ಪಾಠವೇ ಎರಡು ಹಗ್ಗ: ಒಂದರ ಮೇಲೆ ಕೆಲಸ, ಇನ್ನೊಂದು ಕಾಯುವುದಕ್ಕೆ, ಎರಡಕ್ಕೂ ಬೇರೆ ಬೇರೆ ಆಸರೆ. ಆತನಿಗೆ ಗಂಟಿನ ಲ್ಯಾನ್ಯಾರ್ಡೂ ಇಲ್ಲ, ಹೊಲಿಗೆಯದೂ ಇಲ್ಲ. ಹಾರ್ನೆಸ್ಸೇ ಇಲ್ಲದ ಮೇಲೆ ಅದನ್ನು ಕಟ್ಟುವುದಾದರೂ ಎಲ್ಲಿಗೆ? ಆತನನ್ನು ನೋಡಿ ಮೊಳೆಯ ಮೇಲಿನ ದಾಯಾದಿಗಳಿಬ್ಬರೂ ಮೊದಲ ಬಾರಿಗೆ ಒಟ್ಟಿಗೆ ನಾಲಿಗೆ ಲೊಚಗುಟ್ಟಿದರು.

ನಾನು: ನಿಮ್ಮಿಬ್ಬರಿಗೂ ಒಂದೇ ಶತ್ರು ಯಾರಾದರೂ ಇದ್ದಾರೆಯೇ?

ಇಬ್ಬರೂ: ಆ್ಯಸಿಡ್!

ಗಂಟು: ನಾವಿಬ್ಬರೂ ನೈಲಾನ್. ಗಾಜಿನ ಮೇಲೆ ಸಿಮೆಂಟ್ ಕಲೆ ಉಳಿದಿದ್ದರೆ ತೆಗೆಯೋಕೆ ಆ್ಯಸಿಡ್ ತರ್ತಾರೆ. ನೈಲಾನಿಗೆ ಅದು ವಿಷ. ಕಣ್ಣಿಗೆ ಏನೂ ಕಾಣಲ್ಲ, ಒಳಗೆ ನಾರು ಸತ್ತಿರುತ್ತೆ.

ಹೊಲಿಗೆ: ನಮ್ಮ ಕಿರುಪುಸ್ತಕದಲ್ಲಿ ಬರೆದಿದೆ. ಅನೇಕ ಭಾಷೆಗಳಲ್ಲಿ.

ನಾನು: ಕನ್ನಡದಲ್ಲಿ?

ಹೊಲಿಗೆ: ಫಿನ್ನಿಷ್‌ನಲ್ಲಿ ಇದೆ ಸರ್.

ಅಷ್ಟರಲ್ಲಿ ಬಾಗಿಲು ತೆರೆದು ಆಡಿಟರ್ ಬಂದರು, ಹಿಂದೆ ಸೇಫ್ಟಿ ಆಫೀಸರ್, ಅವರ ಹಿಂದೆ ರಿಜಿಸ್ಟರ್ ಹಿಡಿದ ಸೂಪರ್‌ವೈಸರ್. ಆಡಿಟರ್ ಮೊದಲು ಹೊಲಿಗೆಯವರನ್ನು ಕೈಗೆತ್ತಿಕೊಂಡರು. ಅವರ ಚೀಟಿಯ ಮೇಲೆ ಎಂದೋ ಆ್ಯಸಿಡ್ ಚಿಮ್ಮಿ ಅಕ್ಷರಗಳೆಲ್ಲ ಅಳಿಸಿದ್ದವು. ಗುರುತು ಓದಲಾಗದ ಸಾಧನವನ್ನು ಕೆಲಸದಿಂದ ತೆಗೆಯಬೇಕೆಂಬುದು ನಿಯಮ. ಈ ಬಾರಿ ನಿಯಮವೂ ವಿವೇಕವೂ ಆಕಸ್ಮಿಕವಾಗಿ ಒಂದೇ ಮಾತು ಹೇಳಿದವು. ‘ಸ್ಕ್ರ್ಯಾಪ್’ ಎಂದರು. ಆಮೇಲೆ ಗಂಟಿನವರ ಸರದಿ. ‘ಇದರ ನಂಬರ್?’ ಸೂಪರ್‌ವೈಸರ್ ಒಂದು ನಿಮಿಷ ಎಂದು ಹೊರಗೆ ಹೋದವನು ಕೇಬಲ್ ಟೈ ಸಮೇತ ಬಂದು, ಮಾರ್ಕರಿನಲ್ಲಿ ‘ಎಲ್‌ವೈ-14’ ಎಂದು ಬರೆದ ತಗಡಿನ ಬಿಲ್ಲೆಯನ್ನು ಅವರ ಕೊರಳಿಗೆ ಕಟ್ಟಿದ. ಆಡಿಟರ್ ಗಂಟನ್ನು ಮುಟ್ಟಲಿಲ್ಲ, ಬಿಲ್ಲೆಯನ್ನು ಓದಿದರು, ಟಿಕ್ ಹಾಕಿದರು.

ಗಂಟಿನವರು ಹೊಸ ಬಿಲ್ಲೆಯನ್ನು ನೋಡಿಕೊಳ್ಳುತ್ತ, ತಾವೀಗ ಹದಿನಾಲ್ಕನೆಯವರಾದರೆ ಉಳಿದ ಹದಿಮೂರು ಜನ ಎಲ್ಲಿ ಎಂದು ಕೇಳಿದರು. ಸೂಪರ್‌ವೈಸರ್‌ಗೆ ಕೇಳಿಸಲಿಲ್ಲ. ಹೊಲಿಗೆಯವರನ್ನು ತುಂಡು ತುಂಡಾಗಿ ಕತ್ತರಿಸಿ ಬಿಸಾಡಬೇಕಿತ್ತು, ಮತ್ತೆ ಯಾರೂ ಬಳಸದ ಹಾಗೆ. ಕತ್ತರಿ ಸಿಗಲಿಲ್ಲವೆಂದು ಇಡಿಯಾಗಿಯೇ ಡಬ್ಬಿಗೆ ಬಿದ್ದರು. ನಾನು ಕೆಳಗಿಳಿದು ಬರುವಷ್ಟರಲ್ಲಿ ಗೇಟಿನ ಸೆಕ್ಯೂರಿಟಿಯವನು ಅವರಿಂದ ತನ್ನ ಸ್ಕೂಟರಿಗೆ ಗ್ಯಾಸ್ ಸಿಲಿಂಡರ್ ಬಿಗಿಯುತ್ತಿದ್ದ. ‘ಫಾರಿನ್ ಮಾಲು ಸಾರ್, ಎರಡು ಟನ್ ತಡೆಯುತ್ತಂತೆ’ ಎಂದ.