ಕಂಬಕ್ಕೇನು ಕೆಲಸ?

(ಕಾರಟಗಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಎರಡು ಬೆಳೆ ಭತ್ತ, ಒಂದು ಹೊಸ ಮನೆ. ಮನೆಗಿಂತ ಗೇಟು ದೊಡ್ಡದು, ಅದಿರಲಿ.)

ಕಾಕಾ: ಏನ್ ತಮ್ಮಾ, ಇಲ್ಲೂ ರೈಸ್ ಮಿಲ್ ಹಾಕಿದೇನು?

ತಮ್ಮ: ಮನಿ ಕಾಕಾ! ಡೂಪ್ಲೆಕ್ಸ್. ಎಲಿವೇಷನ್ ಬೆಂಗಳೂರಿಂದ ತರಿಸೀನಿ.

ಕಾಕಾ: ಲಾರಿ ಬಾಡಿಗಿ ಎಷ್ಟಾತು?

ತಮ್ಮ: ಅದು ಚಿತ್ರ ಕಾಕಾ, ಮೊಬೈಲ್‌ನಾಗ ಬಂತು.

ಕಾಕಾ: ಕಂಬ ಭಾರಿ ಅದಾವು. ಇಟಗಿ ಮಹಾದೇವ ಗುಡಿ 1112ರಾಗ ಕಟ್ಟಿದ್ದು. ಅದರ ಕಂಬ ಇನ್ನೂ ಚಾವಣಿ ಹೊತ್ತಾವು. ಇವು ಏನ್ ಹೊರತಾವು?

ತಮ್ಮ: ಏನೂ ಇಲ್ಲ. ಒಳಗ ಟೊಳ್ಳು. ಬರೇ ಶೋ.

ಕಾಕಾ: ಮತ್ತ ಭಾರ?

ತಮ್ಮ: ಬ್ಯಾಂಕಿಂದು? ನಾನ ಹೊತ್ತೀನಿ.

ಕಾಕಾ: ಪಡುವಣಕ್ಕ ಪೂರಾ ಗಾಜು! ಬ್ಯಾಸಿಗಿ ಬಿಸಿಲಿಗೆ?

ತಮ್ಮ: ಒಳಗ ದಪ್ಪನ ಪರದೆ ಹಾಕೀನಿ.

ಕಾಕಾ: ಹಂಗಾರ ಗಾಜು ಯಾಕ?

ತಮ್ಮ: ಪರದೆ ಹೊರಗ ಕಾಣಬೇಕಲ್ಲ!

ಕಾಕಾ: ಹೌದೌದು. ಮೂಲಿಮೂಲಿಗೂ ನಿಂಬಿಹಣ್ಣು ಕಟ್ಟೀ?

ತಮ್ಮ: ವಾಸ್ತು ಪಕ್ಕಾ ಐತಿ. ಅದಕ್ಕ ಮೂರು ಸಲ ಮೆಟ್ಟಲ ಒಡಿಸೀನಿ.

ಕಾಕಾ: ವಾಸ್ತು ಐತಿ. ವಾಸ?

ತಮ್ಮ: (ಮೆಲ್ಲಗೆ) ರಾತ್ರಿ ಅವ್ವನ ಮಾಳಿಗಿ ಮನಿಗೆ ಹೋಗತೀವಿ. ಮಣ್ಣಿನ ದಪ್ಪ ಗ್ವಾಡಿ ನೋಡು, ಫ್ಯಾನೂ ಬ್ಯಾಡ. ಅಕಿ ಮಾತ್ರ ಬೈತಾಳ, "ಹಳೇ ಮನಿ ಕೆಡವ್ತೀನಿ ಅಂದಿದ್ದೆಲ್ಲೋ" ಅಂತ.

ಕಾಕಾ: ಹೊಸಾದ್ರಾಗ ಯಾರದಾರ?

ತಮ್ಮ: ಸೋನಾಮಸೂರಿ. ಹಾಲ್ ದೊಡ್ಡದೈತಲ್ಲ, ನೂರು ಚೀಲ ಹಿಡಿದಾವು. ಹುಳ ಬೀಳಬಾರದಂತ ಎಸಿನೂ ಹಚ್ಚೀನಿ.

ಕಾಕಾ: ಹಂಗಾರ ನಾ ಮೊದಲ ಕೇಳಿದ್ದು ತಪ್ಪೇನಿರಲಿಲ್ಲಲ್ಲೋ!