ನಾಲ್ವರು ಅಪ್ಪಂದಿರ ನಾಣ್ಯ

ಸ್ವಂತ ನಾಣ್ಯ ಟಂಕಿಸುವ ಭಾಗ್ಯ ಹಿಂದೆ ರಾಜರಿಗಷ್ಟೇ ಇತ್ತು. ಈಗ ಅದಕ್ಕೆ ರಾಜ್ಯ ಬೇಡ, ಖಜಾನೆಯೂ ಬೇಡ. ಇಡಲು ಒಂದು ಹೆಸರಿದ್ದರೆ ಸಾಕು, ಮಿಕ್ಕಿದ್ದೆಲ್ಲ ಪಿತ್ರಾರ್ಜಿತ.

ಓಪನ್‌ಜೆಪ್ಪೆಲಿನ್ ಎಂಬ ಪುಕ್ಕಟೆ ಕೋಡ್ ಭಂಡಾರದಲ್ಲಿ, ಕ್ರಿಪ್ಟೋ ನಾಣ್ಯಕ್ಕೆ ತಮ್ಮ ಕೋಡನ್ನೇ ಬಳುವಳಿ ಕೊಡುವ ಅಪ್ಪಂದಿರು ಸಿದ್ಧರಾಗಿ ನಿಂತಿದ್ದಾರೆ. ಲೆಕ್ಕ ಬರೆಯಲು ಇಆರ್‌ಸಿ20, ಗರಿಷ್ಠ ಮಿತಿ ಕಾಯಲು ಇಆರ್‌ಸಿ20ಕ್ಯಾಪ್ಡ್, ಯಜಮಾನಿಕೆಗೆ ಓನಬಲ್, ಸುಡುವ ಶಾಸ್ತ್ರಕ್ಕೆ ಬರ್ನಬಲ್. ಸಾಲಿಡಿಟಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದೇ ಸಾಲಿನಲ್ಲಿ ಇವರನ್ನು ಪೋಣಿಸಿದರೆ ಟೋಕನ್ ಹುಟ್ಟಿತು. ಒಂದೇ ಫಂಕ್ಷನ್ ಇಬ್ಬರು ಅಪ್ಪಂದಿರಲ್ಲೂ ಇದ್ದರೆ ಕಂಪೈಲರ್ ತಕರಾರು ತೆಗೆಯುತ್ತದೆ, ಯಾರ ಮಾತು ನಡೆಯಬೇಕು ಹೇಳು ಎಂದು. ಓವರ್‌ರೈಡ್ ಎಂದು ಇಬ್ಬರ ಹೆಸರನ್ನೂ ಬರೆದು ಸೂಪರ್ ಎಂದು ಕರೆದರೆ ಸರದಿಯಂತೆ ಎಲ್ಲರಿಗೂ ಮಾತು ಸಿಗುತ್ತದೆ. ನಮ್ಮ ಆಸ್ತಿ ದಾವೆಗಳು ಇಷ್ಟು ಬೇಗ ಇತ್ಯರ್ಥವಾದದ್ದುಂಟೆ!

ಇನ್ನು ವಿರಳತೆ. ಬಿಟ್‌ಕಾಯಿನ್ 2.1 ಕೋಟಿಗೆ ನಿಂತಿತೆ? ನೀವು 2 ಕೋಟಿ ಅನ್ನಿ, ಇನ್ನೂ ವಿರಳ. ಕೋಡ್ ಎಣಿಸುವುದು ನಾಣ್ಯದ ಅತಿ ಸಣ್ಣ ಚಿಲ್ಲರೆಯಲ್ಲಿ, ಹಾಗಾಗಿ ಮುಂದೆ 18 ಸೊನ್ನೆ ಹಾಕಲು ಮರೆತರೆ ಮಾತ್ರ ಇಡೀ ಸಾಮ್ರಾಜ್ಯ ಒಂದು ನಾಣ್ಯಕ್ಕೂ ಸಾಲದು. ನೋಟು ಮುದ್ರಿಸುವ ಸರ್ಕಾರಗಳನ್ನು ಬೈದು ಒಂದು ಶ್ವೇತಪತ್ರ ಹೊರಡಿಸಿ. ಅದನ್ನು ಜನ ಓದಿ ಮುಗಿಸುವ ಮೊದಲೇ ಮಿತಿಯವರೆಗಿನ ಟೋಕನ್ನೆಲ್ಲ ನಿಮ್ಮ ವಾಲೆಟ್ಟಿಗೆ ಮಿಂಟ್ ಆಗಿರಲಿ. ಕ್ಯಾಪ್ಡ್ ಅಪ್ಪ ನೋಡುವುದು ಒಟ್ಟು ಎಷ್ಟಾಯಿತು ಎಂದಷ್ಟೇ. ಯಾರ ಜೇಬಿನಲ್ಲಿ ಎಷ್ಟು ಎಂದು ಕೇಳುವವನಲ್ಲ. ಅವನು ಎಣಿಸುವುದೂ ಈ ಕ್ಷಣ ಚಲಾವಣೆಯಲ್ಲಿರುವುದನ್ನು ಮಾತ್ರ. ಹೀಗಾಗಿ ಸಾರ್ವಜನಿಕವಾಗಿ ಒಂದಷ್ಟು ಸುಟ್ಟು ಚಪ್ಪಾಳೆ ಗಿಟ್ಟಿಸಿ, ಮಿಂಟ್ ಹಕ್ಕು ನಿಮ್ಮಲ್ಲೇ ಇದ್ದರೆ, ಸುಟ್ಟಷ್ಟನ್ನೂ ಮತ್ತೆ ಟಂಕಿಸಬಹುದು. ಮಿತಿ ಮುರಿಯುವುದೇ ಇಲ್ಲ!

ಶಿಬಾ ಇನು ಎಂಬ ನಾಯಿ ನಾಣ್ಯ ಹುಟ್ಟಿದ್ದೇ ಸಾವಿರ ಲಕ್ಷ ಕೋಟಿ ಸಂಖ್ಯೆಯಲ್ಲಿ. ಅದರಲ್ಲಿ ಅರ್ಧವನ್ನು ಎಥೀರಿಯಂ ಬ್ಲಾಕ್‌ಚೈನಿನ ಸಹಸ್ಥಾಪಕ ವಿಟಾಲಿಕ್ ಬ್ಯುಟೆರಿನ್ ವಾಲೆಟ್ಟಿಗೆ ಸುರಿದರು. ಆತ 2021ರ ಮೇ ತಿಂಗಳಲ್ಲಿ ಒಂದು ಪಾಲನ್ನು ಭಾರತದ ಕೋವಿಡ್ ಪರಿಹಾರ ನಿಧಿಗೆ ಕೊಟ್ಟು, ಉಳಿದದ್ದರಲ್ಲಿ ಬಹುಪಾಲನ್ನು ಸುಟ್ಟ. ನಾಣ್ಯ ಮಾಡಿದವರ ವಿರಳತೆ ಹೀಗೆ ಬೇರೊಬ್ಬನ ಮರ್ಜಿಯಲ್ಲಿತ್ತು.

ಮಿತಿಯಿರುವುದು ಒಂದು ಟೋಕನ್ನಿಗೆ, ಟೋಕನ್ನುಗಳಿಗಲ್ಲ. ಪಕ್ಕದ ಮನೆಯ ಹುಡುಗ ಅದೇ ಅಪ್ಪಂದಿರನ್ನು ಕರೆಸಿ, ಸಂಜೆಯೊಳಗೆ ಇನ್ನೊಂದು ಅತಿ ವಿರಳ ನಾಣ್ಯ ಬಿಡುತ್ತಾನೆ. ಅದರಲ್ಲಿ ಯಾರಿಗಾದರೂ ಲಾಭ ಬಂದರೆ ನಮ್ಮ ಕೇಂದ್ರ ಸರ್ಕಾರ 2022ರಿಂದ ಶೇ. 30 ತೆರಿಗೆ ಕೇಳುತ್ತದೆ. ನಷ್ಟವನ್ನು ಬೇರೆ ಲಾಭದಲ್ಲಿ ಕಳೆದುಕೊಳ್ಳಲು ಬಿಡುವುದಿಲ್ಲ. ತೆರಿಗೆಯ ಆ ಒಂದು ಫಂಕ್ಷನ್ ಮಾತ್ರ ಯಾವ ಅಪ್ಪನಿಗೂ ಓವರ್‌ರೈಡ್ ಆಗದು.